ಎಡಗೈ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್

ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಚರಿತ್ರೆ ಇರುತ್ತದೆ. ಈ ಸಲ ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡಿರುವವರು ರಾಜರಲ್ಲ, ವಿಜ್ಞಾನಿಯಲ್ಲ, ಸ್ವಾತಂತ್ರ್ಯ ಹೋರಾಟಗಾರರೂ ಅಲ್ಲ. ಅವರು ಅಮೆರಿಕ ದೇಶದ ಗಿಟಾರ್ ವಾದಕರು. ಅವರ ಹೆಸರು ಜಿಮಿ ಹೆಂಡ್ರಿಕ್ಸ್.

ಇವರನ್ನೇ ಯಾಕೆ ಆರಿಸಿಕೊಂಡೆ ಅಂತ ನೀವು ಕೇಳಬಹುದು. ಅದಕ್ಕೆ ಎರಡು ಕಾರಣ ಇದೆ. ಒಂದು, ನಮ್ಮ ಮಾಮ ಹಬ್ಬದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ. ಅದು ಅವರ ಕೆಲಸವಲ್ಲ, ಹವ್ಯಾಸ ಮಾತ್ರ. ಜಿಮಿಯ ಕಥೆಯನ್ನು ಮೊದಲು ನನಗೆ ಹೇಳಿದವರು ಅವರೇ. ಎರಡು, ನಾನು ಎಡಗೈಯವಳು. ಜಿಮಿ ಕೂಡ ಎಡಗೈಯವರು.

ಇನ್ನೊಂದು ಮಾತು. ಜಿಮಿ ಚಿಕ್ಕವನಾಗಿದ್ದಾಗಿನ ಕಥೆಯಲ್ಲಿ ನಾನು ಅವನು ಎಂದು ಬರೆದಿದ್ದೇನೆ. ದೊಡ್ಡವರಾದ ಮೇಲಿನ ಕಥೆಯಲ್ಲಿ ಅವರು ಎಂದು ಬರೆದಿದ್ದೇನೆ. ಹುಡುಗನಿಗೆ ಅವರು ಅಂದರೆ ನಮ್ಮ ಜೊತೆ ಆಡುವ ಹುಡುಗನ ಥರ ಅನ್ನಿಸುವುದಿಲ್ಲ, ಅದಕ್ಕೆ.

ಜನನ ಮತ್ತು ಬಾಲ್ಯ

ಅಮೆರಿಕದ ವಾಯುವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯ ಇದೆ. ಆ ರಾಜ್ಯದ ದೊಡ್ಡ ಊರು ಸಿಯಾಟಲ್. ಅಲ್ಲಿ 1942ನೇ ಇಸವಿ ನವೆಂಬರ್ 27ರಂದು ಜಿಮಿ ಜನಿಸಿದನು. ಅವರದು ಕಪ್ಪು ಜನರ ಬಡ ಕುಟುಂಬ. ಮಗು ಹುಟ್ಟಿದಾಗ ತಾಯಿ ಲೂಸಿಲ್‌ಗೆ ಬರೀ 17 ವರ್ಷ. ತಂದೆ ಅಲ್ ಹೆಂಡ್ರಿಕ್ಸ್ ಎರಡನೇ ಮಹಾಯುದ್ಧದ ಸೈನ್ಯದಲ್ಲಿ ಇದ್ದರು. ಮಗನ ಮುಖ ನೋಡಲು ಅವರು ಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು.

ತಾಯಿ ಇಟ್ಟ ಹೆಸರು ಜಾನಿ ಅಲೆನ್. ತಂದೆ ಬಂದ ಮೇಲೆ 1946ರಲ್ಲಿ ಅದನ್ನು ಬದಲಾಯಿಸಿ ಜೇಮ್ಸ್ ಮಾರ್ಷಲ್ ಎಂದು ಇಟ್ಟರು. ಜೇಮ್ಸ್ ಎಂಬ ಹೆಸರನ್ನು ಅವರ ಕಡೆ ಪ್ರೀತಿಯಿಂದ ಜಿಮ್ಮಿ ಎಂದು ಕರೆಯುತ್ತಾರಂತೆ.

ಮನೆಯಲ್ಲಿ ಶಾಂತಿ ಇರಲಿಲ್ಲ. 1951ರಲ್ಲಿ ತಂದೆ ತಾಯಿ ಬೇರೆಯಾದರು. ಜಿಮಿ ಮತ್ತು ತಮ್ಮ ಲಿಯಾನ್ ತಂದೆಯ ಜೊತೆ ಉಳಿದರು. ತಂದೆ ಶ್ರೀಮಂತರ ಮನೆಯ ತೋಟದ ಹುಲ್ಲು ಕತ್ತರಿಸುವುದು, ಗಿಡ ನೋಡಿಕೊಳ್ಳುವುದು ಮುಂತಾದ ಕೆಲಸ ಮಾಡುತ್ತಿದ್ದರು. ಜಿಮಿಯೂ ಜೊತೆಗೆ ಹೋಗಿ ಸಹಾಯ ಮಾಡುತ್ತಿದ್ದನು. 1958ರಲ್ಲಿ ತಾಯಿ ತೀರಿಕೊಂಡರು. ಆಗ ಜಿಮಿಗೆ 15 ವರ್ಷ. ಮಕ್ಕಳನ್ನು ತಾಯಿಯ ಅಂತ್ಯಕ್ರಿಯೆಗೂ ಕರೆದುಕೊಂಡು ಹೋಗಲಿಲ್ಲ. ಇದನ್ನು ಓದಿದಾಗ ನನಗೆ ತುಂಬಾ ಬೇಜಾರಾಯಿತು.

ಪೊರಕೆಯೇ ಗಿಟಾರ್

ಜಿಮಿ ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಪೊರಕೆಯನ್ನು ಹಿಡಿದುಕೊಂಡು ಓಡಾಡುತ್ತಿದ್ದನು. ಅವರ ಊರಿನ ಪೊರಕೆಗೆ ಉದ್ದನೆಯ ಕೋಲು ಇರುತ್ತದೆ. ಆ ಕೋಲನ್ನೇ ಗಿಟಾರ್ ಎಂದುಕೊಂಡು ಬೆರಳು ಆಡಿಸುತ್ತಿದ್ದನು. ಇದನ್ನು ಸಮಾಜ ಸೇವೆಯ ಕೆಲಸದಲ್ಲಿದ್ದ ಒಬ್ಬ ಮಹಿಳೆ ಗಮನಿಸಿದರು. ಬಡ ಮಕ್ಕಳಿಗೆ ಇರುವ ಹಣದಿಂದ ಈ ಹುಡುಗನಿಗೆ ಒಂದು ಗಿಟಾರ್ ಕೊಡಿಸಿ, ಇಲ್ಲದಿದ್ದರೆ ಇವನ ಮನಸ್ಸಿಗೆ ತೊಂದರೆ ಆಗಬಹುದು ಎಂದು ಶಾಲೆಗೆ ಪತ್ರ ಬರೆದರು. ಆದರೆ ಗಿಟಾರ್ ಸಿಗಲಿಲ್ಲ. ತಂದೆಯೂ ಆಗ ಕೊಡಿಸಲು ಒಪ್ಪಲಿಲ್ಲ.

1957ರಲ್ಲಿ ಒಂದು ದಿನ ಜಿಮಿ ತಂದೆಯ ಜೊತೆ ಒಬ್ಬ ವಯಸ್ಸಾದ ಹೆಂಗಸಿನ ಮನೆಗೆ ಕಸ ಸಾಗಿಸುವ ಕೆಲಸಕ್ಕೆ ಹೋಗಿದ್ದನು. ಕಸದ ರಾಶಿಯಲ್ಲಿ ಒಂದು ಯುಕುಲೇಲಿ ಸಿಕ್ಕಿತು. ಅದು ಗಿಟಾರಿನ ಹಾಗೇ ಇರುವ ಚಿಕ್ಕ ವಾದ್ಯ. ಅದಕ್ಕೆ ನಾಲ್ಕು ತಂತಿ ಇರಬೇಕು. ಇದರಲ್ಲಿ ಉಳಿದದ್ದು ಒಂದೇ ತಂತಿ! ಆ ಅಜ್ಜಿ ಅದನ್ನು ಅವನೇ ಇಟ್ಟುಕೊಳ್ಳಲಿ ಎಂದರು. ಆ ಒಂದೇ ತಂತಿಯಲ್ಲಿ ಜಿಮಿ ರೇಡಿಯೋ ಹಾಡುಗಳ ಸ್ವರ ಹುಡುಕಿ ಹುಡುಕಿ ನುಡಿಸಿದನು. ಅವನಿಗೆ ಯಾರೂ ಪಾಠ ಹೇಳಲಿಲ್ಲ. ಕಿವಿಯೇ ಅವನ ಗುರು.

ಅದೇ ವರ್ಷ ಎಲ್ವಿಸ್ ಪ್ರೆಸ್ಲಿ ಎಂಬ ದೊಡ್ಡ ಗಾಯಕರು ಸಿಯಾಟಲ್‌ಗೆ ಬಂದರು. ಜಿಮಿಯ ಹತ್ತಿರ ಟಿಕೆಟ್‌ಗೆ ದುಡ್ಡಿರಲಿಲ್ಲ. ಸ್ಟೇಡಿಯಂ ಪಕ್ಕದ ಗುಡ್ಡದ ಮೇಲೆ ನಿಂತು ಕಾರ್ಯಕ್ರಮ ನೋಡಿದನು. ನಮ್ಮೂರ ಜಾತ್ರೆ ನಾಟಕಕ್ಕೆ ಮರ ಹತ್ತಿ ಕೂರುವ ಹುಡುಗರ ಥರ ಅಂದುಕೊಳ್ಳಿ.

ಐದು ಡಾಲರ್ ಗಿಟಾರ್

1958ರಲ್ಲಿ ಜಿಮಿಗೆ ಮೊದಲ ಗಿಟಾರ್ ಸಿಕ್ಕಿತು. ಅದು ಯಾರೋ ಬಳಸಿದ್ದ ಹಳೆಯ ಮರದ ಗಿಟಾರ್. ಅದರ ಬೆಲೆ 5 ಡಾಲರ್. ಅಲ್ಲಿಂದ ದಿನಾ ಗಂಟೆಗಟ್ಟಲೆ ನುಡಿಸಿದನು. ಬಿ. ಬಿ. ಕಿಂಗ್, ಮಡ್ಡಿ ವಾಟರ್ಸ್ ಮುಂತಾದ ಹಿರಿಯ ಕಲಾವಿದರ ರೆಕಾರ್ಡ್ ಕೇಳಿ ಅವರ ಹಾಗೆ ನುಡಿಸಲು ಪ್ರಯತ್ನಿಸಿದನು. ಅವರೂ ಕಪ್ಪು ಜನರೇ. ಅವರು ಹಾಡುತ್ತಿದ್ದ ಕಷ್ಟ ಸುಖದ ಹಾಡುಗಳಿಗೆ ಬ್ಲೂಸ್ ಎನ್ನುತ್ತಾರೆ.

ಆಮೇಲೆ ಜಿಮಿ ವೆಲ್ವೆಟೋನ್ಸ್ ಎಂಬ ಹುಡುಗರ ತಂಡಕ್ಕೆ ಸೇರಿದನು. ಅಲ್ಲಿ ಒಂದು ತೊಂದರೆ ಆಯಿತು. ಬೇರೆಯವರ ವಾದ್ಯಗಳ ಸದ್ದಿನಲ್ಲಿ ಇವನ ಮರದ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಎಷ್ಟು ಚೆನ್ನಾಗಿ ನುಡಿಸಿದರೂ ಜನರಿಗೆ ಕೇಳದಿದ್ದರೆ ಏನು ಪ್ರಯೋಜನ? ಅವನಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಾಗಿತ್ತು.

ಎಲೆಕ್ಟ್ರಿಕ್ ಗಿಟಾರ್ ಅಂದರೆ ಏನು?

ಇದು ನಮ್ಮ ವಿಜ್ಞಾನ ಪಾಠಕ್ಕೂ ಸೇರಿದ್ದು, ಅದಕ್ಕೆ ಸ್ವಲ್ಪ ಬರೆಯುತ್ತೇನೆ. ಸಾದಾ ಗಿಟಾರಿನ ಹೊಟ್ಟೆ ಟೊಳ್ಳಾಗಿರುತ್ತದೆ. ತಂತಿ ಮೀಟಿದರೆ ಆ ಟೊಳ್ಳಿನಲ್ಲಿ ಸದ್ದು ದೊಡ್ಡದಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಗಲ್ಲ. ಬಹಳಷ್ಟು ಎಲೆಕ್ಟ್ರಿಕ್ ಗಿಟಾರುಗಳ ಮೈ ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ. ಆ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ಉಕ್ಕಿನ ತಂತಿ ಅಲುಗಾಡಿದಾಗ ತಾಮ್ರದ ಸುತ್ತಿನಲ್ಲಿ ಬಹಳ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ವೈರಿನಲ್ಲಿ ಹೋಗಿ ಆಂಪ್ಲಿಫಯರ್ ಸೇರುತ್ತದೆ. ಅಲ್ಲಿ ದೊಡ್ಡದಾಗಿ ಸ್ಪೀಕರಿನಲ್ಲಿ ಸದ್ದಾಗಿ ಬರುತ್ತದೆ. ಬರೀ ಗಿಟಾರ್ ಇದ್ದರೆ ಸಾಲದು, ಆಂಪ್ಲಿಫಯರ್ ಕೂಡ ಬೇಕು. ಅದಕ್ಕೇ ಬಡವರಿಗೆ ಇದು ಕಷ್ಟದ ವಾದ್ಯ.

ವಾಪಸ್ ಹೋದ ಸ್ಯಾಕ್ಸೋಫೋನ್

ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಈ ಭಾಗ. 1959ರಲ್ಲಿ ಅಲ್ ಹೆಂಡ್ರಿಕ್ಸ್ ಮಗನನ್ನು ಮೈಯರ್ಸ್ ಎಂಬ ವಾದ್ಯದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಸೂಪ್ರೋ ಓಝಾರ್ಕ್ ಎಂಬ ಬಿಳಿ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದರು. ಅದು ದುಬಾರಿ ಗಿಟಾರ್ ಅಲ್ಲ. ಕಲಿಯುವವರು ಕೊಳ್ಳುವಂಥದ್ದು. ಆದರೂ ಪೂರ್ತಿ ದುಡ್ಡು ಕೊಡಲು ಆಗಲಿಲ್ಲ. ಕಂತಿನ ಮೇಲೆ ತಂದರು. ಅದೇ ಸಮಯದಲ್ಲಿ ತಂದೆ ತಮಗಾಗಿ ಒಂದು ಸ್ಯಾಕ್ಸೋಫೋನ್ ಕೂಡ ಕಂತಿನಲ್ಲಿ ತಂದರು. ಅದು ಊದುವ ವಾದ್ಯ. ನಮ್ಮ ಕರ್ನಾಟಕದ ಕದ್ರಿ ಗೋಪಾಲನಾಥ್ ಅವರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಪ್ರಸಿದ್ಧರಾದವರು. ಅಪ್ಪ ಮಗ ಇಬ್ಬರೂ ಮನೆಯಲ್ಲಿ ಒಟ್ಟಿಗೆ ನುಡಿಸುತ್ತಿದ್ದರು.

ಸ್ವಲ್ಪ ದಿನದಲ್ಲೇ ಕಂತು ಕಟ್ಟಲು ಕಷ್ಟವಾಯಿತು. ಎರಡು ವಾದ್ಯದ ಕಂತು ಕಟ್ಟಲು ಆಗುವುದಿಲ್ಲ, ಒಂದನ್ನು ವಾಪಸ್ ಕೊಡಲೇಬೇಕು. ತಂದೆ ತಮ್ಮ ಸ್ಯಾಕ್ಸೋಫೋನನ್ನು ವಾಪಸ್ ಕೊಟ್ಟರು. ಮಗನ ಗಿಟಾರಿನ ಕಂತು ಕಟ್ಟಿದರು.

ಅಲ್ ಹೆಂಡ್ರಿಕ್ಸ್ ಬಹಳ ಸಿಟ್ಟಿನ ಮನುಷ್ಯ, ಮಕ್ಕಳಿಗೆ ಹೊಡೆಯುತ್ತಿದ್ದರು ಅಂತಲೂ ಓದಿದ್ದೇನೆ. ಹಿಂದೆ ಗಿಟಾರ್ ಬೇಡ ಎಂದವರೂ ಅವರೇ. ಆದರೆ ಈ ಒಂದು ಕೆಲಸ ಅವರು ಮಾಡಿದರು. ಜಿಮಿ ಹೆಂಡ್ರಿಕ್ಸ್ ಸ್ವಂತ ಶ್ರಮದಿಂದ ಮೇಲೆ ಬಂದರು ಅಂತ ಎಲ್ಲರೂ ಬರೆಯುತ್ತಾರೆ, ಅದು ನಿಜ. ಆದರೆ ಆ ಸ್ಯಾಕ್ಸೋಫೋನನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನನ್ನ ಅಭಿಪ್ರಾಯ.

ತಿರುಗಿಸಿ ಹಿಡಿದದ್ದು

ಈಗ ಎಡಗೈ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಸಿಗುವ ಗಿಟಾರುಗಳೆಲ್ಲ ಹೆಚ್ಚಾಗಿ ಬಲಗೈಯವರಿಗೆ ಮಾಡಿದ್ದು. ಬಲಗೈಯಲ್ಲಿ ತಂತಿ ಮೀಟಬೇಕು, ಎಡಗೈಯಲ್ಲಿ ಗಿಟಾರಿನ ಉದ್ದನೆಯ ಕುತ್ತಿಗೆ ಹಿಡಿದು ತಂತಿ ಒತ್ತಬೇಕು. ಎಡಗೈಯವರಿಗೆ ಬೇರೆ ಗಿಟಾರ್ ಮಾಡುತ್ತಾರೆ, ಆದರೆ ಕಡಿಮೆ ಮಾಡುತ್ತಾರೆ. ಕಡಿಮೆ ಬೆಲೆಯಲ್ಲಿ ಹುಡುಕಿದರೆ ಇನ್ನೂ ಕಷ್ಟ. ಇವತ್ತಿಗೂ ಹಾಗೇ ಇದೆ ಅಂತ ಮಾಮ ಹೇಳುತ್ತಾರೆ.

ಜಿಮಿ ಏನು ಮಾಡಿದ ಗೊತ್ತಾ? ಬಲಗೈ ಗಿಟಾರನ್ನೇ ತಲೆಕೆಳಗಾಗಿ ತಿರುಗಿಸಿ ಹಿಡಿದನು. ಆದರೆ ಸುಮ್ಮನೆ ತಿರುಗಿಸಿದರೆ ಕೆಲಸ ಆಗುವುದಿಲ್ಲ. ಗಿಟಾರಿಗೆ ಆರು ತಂತಿ. ದಪ್ಪ ತಂತಿ ಮೇಲೆ, ಸಣ್ಣ ತಂತಿ ಕೆಳಗೆ ಇರಬೇಕು. ತಿರುಗಿಸಿದಾಗ ಎಲ್ಲಾ ಉಲ್ಟಾ ಆಗುತ್ತದೆ. ಅದಕ್ಕೆ ಆರೂ ತಂತಿ ಬಿಚ್ಚಿ ಮತ್ತೆ ಬೇರೆ ಕ್ರಮದಲ್ಲಿ ಕಟ್ಟಿದನು. ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಗಳು ಕೆಳಗೆ ಇರಬೇಕಾದದ್ದು ಮೇಲೆ ಬಂದವು. ಅದಕ್ಕೂ ಅವನು ಒಗ್ಗಿಕೊಂಡನು.

ಎಡಗೈಯಲ್ಲಿ ನುಡಿಸುವುದು ತಂದೆಗೆ ಹಿಡಿಸುತ್ತಿರಲಿಲ್ಲ, ಅದು ಅಪಶಕುನ ಎಂದು ಅವರು ತಿಳಿದಿದ್ದರು ಎಂದು ತಮ್ಮ ಲಿಯಾನ್ ಆಮೇಲೆ ಹೇಳಿದ್ದಾರೆ. ತಂದೆ ಬಾಗಿಲಿಗೆ ಬಂದ ತಕ್ಷಣ ಜಿಮಿ ಗಿಟಾರ್ ತಿರುಗಿಸಿ ಬಲಗೈಯಲ್ಲಿ ನುಡಿಸುತ್ತಿದ್ದನಂತೆ. ಹೀಗಾಗಿ ಎರಡೂ ಕಡೆ ಬಂತು. ಬರೆಯುವುದನ್ನು ಮಾತ್ರ ಬಲಗೈಯಲ್ಲೇ ಬರೆಯುತ್ತಿದ್ದನು.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಬರೆಯುವುದು ಎಡಗೈಯಲ್ಲಿ, ಊಟ ಮಾಡುವುದು ಬಲಗೈಯಲ್ಲಿ. ಊಟದ ವಿಷಯದಲ್ಲಿ ಅಜ್ಜಿ ಬಿಡಲಿಲ್ಲ. ಮದುವೆ ಮನೆಯಲ್ಲಿ ಎಡಗೈಯಲ್ಲಿ ಏನಾದರೂ ಕೊಟ್ಟರೆ ದೊಡ್ಡವರು ತೆಗೆದುಕೊಳ್ಳುವುದಿಲ್ಲ. ಕೆಲವರು ನನ್ನ ಹೆಸರು ಬಿಟ್ಟು ಎಡಚಿ ಅಂತಲೇ ಕರೆಯುತ್ತಾರೆ. ಸಿಯಾಟಲ್‌ನಲ್ಲೂ ಇದೇ ಕಥೆ ಅಂತ ನನಗೆ ಮುಂಚೆ ಗೊತ್ತಿರಲಿಲ್ಲ.

ಕಳುವಾದ ಗಿಟಾರ್

ಆ ಬಿಳಿ ಗಿಟಾರ್ ಬಹಳ ದಿನ ಉಳಿಯಲಿಲ್ಲ. ಒಂದು ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಜಿಮಿ ಅದನ್ನು ವೇದಿಕೆಯ ಹಿಂದೆ ಬಿಟ್ಟು ಬಂದನು. ಯಾರೋ ಕದ್ದುಕೊಂಡು ಹೋದರು. ತಂದೆ ಕಷ್ಟಪಟ್ಟು ಕಂತು ಕಟ್ಟಿದ ಗಿಟಾರ್! ಕೊನೆಗೆ ತಂದೆಯೇ ಇನ್ನೊಂದು ಕೊಡಿಸಿದರು. ಅದು ಸಿಲ್ವರ್‌ಟೋನ್ ಹೆಸರಿನ ಗಿಟಾರ್. ಸಿಯರ್ಸ್ ಎಂಬ ದೊಡ್ಡ ಕಂಪನಿಯವರು ಅಂಗಡಿಯಲ್ಲೂ ಅಂಚೆಯಲ್ಲೂ ಇದನ್ನು ಮಾರುತ್ತಿದ್ದರು. ತಯಾರಿಸುತ್ತಿದ್ದವರು ಡ್ಯಾನ್‌ಎಲೆಕ್ಟ್ರೋ ಕಂಪನಿಯ ನೇಥನ್ ಡೇನಿಯಲ್.

ಈ ಗಿಟಾರುಗಳು ಅಗ್ಗವಾದದ್ದು ಹೇಗೆ ಅಂದರೆ, ಮರದ ಚೌಕಟ್ಟು ಮಾಡಿ ಮೇಲೆ ಕೆಳಗೆ ಹಾರ್ಡ್‌ಬೋರ್ಡ್ ಹೊಡೆಯುತ್ತಿದ್ದರು. ಹಾರ್ಡ್‌ಬೋರ್ಡ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಾಳೆ. ನಾವು ಪರೀಕ್ಷೆಗೆ ತೆಗೆದುಕೊಂಡು ಹೋಗುವ ರಟ್ಟಿನ ಥರ, ಆದರೆ ಗಟ್ಟಿ. ಪಿಕಪ್ ಇಡುವುದಕ್ಕೆ ಲಿಪ್‌ಸ್ಟಿಕ್ ಡಬ್ಬಿಯ ಲೋಹದ ಕೊಳವೆ ಬಳಸುತ್ತಿದ್ದರು! ತಮಾಷೆ ಅಂದರೆ, ಆ ಕೊಳವೆಯ ಪಿಕಪ್‌ನ ಸದ್ದು ಜನರಿಗೆ ಎಷ್ಟು ಇಷ್ಟವಾಯಿತೆಂದರೆ ಇವತ್ತಿಗೂ ಅಂಥದ್ದನ್ನು ಬೇಕೆಂದೇ ಮಾಡುತ್ತಾರೆ. ಕಡಿಮೆ ಬೆಲೆಯ ವಸ್ತು ಕೆಟ್ಟದ್ದೇ ಆಗಬೇಕೆಂದಿಲ್ಲ.

ಜಿಮಿ ಆ ಕೆಂಪು ಗಿಟಾರಿನ ಮೇಲೆ ತನ್ನ ಗೆಳತಿಯ ಹೆಸರನ್ನು ಬಣ್ಣದಲ್ಲಿ ಬರೆದುಕೊಂಡಿದ್ದನು. ಬೆಟ್ಟಿ ಜೀನ್ ಎಂದು.

ಹಳೆಯ ಗಿಟಾರ್ ಕೊಳ್ಳುವಾಗ

ನಮ್ಮ ಮಾಮನಿಗೂ ಅಗ್ಗದ ಗಿಟಾರಿನ ಅನುಭವ ಇದೆ. ಅವರು ಮೊದಲು ಒಬ್ಬರ ಹತ್ತಿರ ಹಳೆಯ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಂಡರು. ಹೊಳಪು ಚೆನ್ನಾಗಿತ್ತು. ಮನೆಗೆ ತಂದು ನೋಡಿದರೆ ಕುತ್ತಿಗೆ ಬಾಗಿತ್ತು. ಎಷ್ಟು ಸಲ ಶ್ರುತಿ ಮಾಡಿದರೂ ನಿಲ್ಲುತ್ತಿರಲಿಲ್ಲ. ಎರಡನೇ ಸಲ ಕೊಳ್ಳುವಾಗ ಅವರು ಹೇಗೆ ನೋಡಿದರು ಅಂತ ಇಲ್ಲಿ ಬರೆಯುತ್ತೇನೆ. ಯಾರಿಗಾದರೂ ಉಪಯೋಗ ಆಗಬಹುದು.

1. ಗಿಟಾರನ್ನು ಕಣ್ಣಿನ ಹತ್ತಿರ ಹಿಡಿದು ಕುತ್ತಿಗೆ ನೆಟ್ಟಗಿದೆಯಾ ಅಂತ ನೋಡಬೇಕು, ಬಡಗಿ ಹಲಗೆ ನೋಡುವ ಹಾಗೆ.
2. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳು ಸವೆದಿವೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಬೇಕು. ಪ್ರತಿ ಪಟ್ಟಿಯ ಹತ್ತಿರವೂ ತಂತಿ ಒತ್ತಿ ನುಡಿಸಬೇಕು. ಎಲ್ಲಾದರೂ ಝರ್ ಎಂದರೆ ಕೇಳಬೇಕು.
3. ತಂತಿ ಬಿಗಿ ಮಾಡುವ ಕಿವಿ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಶ್ರುತಿ ನಿಂತಿದೆಯಾ ನೋಡಬೇಕು.
4. ಆಂಪ್ಲಿಫಯರಿಗೆ ಹಾಕಿ ಎಲ್ಲಾ ಗುಂಡಿ ತಿರುಗಿಸಬೇಕು. ಕರಕರ ಅಂದರೆ ಒಳಗೆ ಧೂಳು ಇರಬಹುದು ಅಥವಾ ವೈರ್ ಸಡಿಲ ಇರಬಹುದು. ಅದು ರಿಪೇರಿ ಆಗುತ್ತದೆ. ಕುತ್ತಿಗೆ ತಿರುಚಿಕೊಂಡಿದ್ದರೆ ಸುಲಭಕ್ಕೆ ಸರಿ ಆಗುವುದಿಲ್ಲ.
5. ಎಡಗೈಯವರು ತಿರುಗಿಸಿ ಹಿಡಿಯುವುದಾದರೆ, ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿಯನ್ನೂ ಬದಲಾಯಿಸಬೇಕು. ದಪ್ಪ ತಂತಿಯ ಕಚ್ಚು ಅಗಲ, ಸಣ್ಣದರ ಕಚ್ಚು ಕಿರಿದು, ಅದಕ್ಕೆ.

ಐದನೆಯದನ್ನು ಮಾಮ ನನಗೋಸ್ಕರ ಹೇಳಿದ್ದು.

ಸೈನ್ಯ ಮತ್ತು ಕಷ್ಟದ ದಿನಗಳು

ಜಿಮಿ ಹೈಸ್ಕೂಲು ಪೂರ್ತಿ ಮಾಡಲಿಲ್ಲ. ಕದ್ದ ಕಾರಿನಲ್ಲಿ ಕುಳಿತಿದ್ದಾಗ ಎರಡು ಸಲ ಪೊಲೀಸರ ಕೈಗೆ ಸಿಕ್ಕಿದನು. ಜೈಲು ಅಥವಾ ಸೈನ್ಯ, ಎರಡರಲ್ಲಿ ಒಂದು ಆರಿಸಿಕೊಳ್ಳಬೇಕಾಯಿತು. 1961ರ ಮೇ ತಿಂಗಳಲ್ಲಿ ಸೈನ್ಯಕ್ಕೆ ಸೇರಿದನು. ಕೆಂಟಕಿ ರಾಜ್ಯದ ಫೋರ್ಟ್ ಕ್ಯಾಂಪ್‌ಬೆಲ್ ಎಂಬಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವ ಪಡೆಯಲ್ಲಿದ್ದನು. ಇಲ್ಲಿಂದ ಮುಂದೆ ಅವರು ಎಂದು ಬರೆಯುತ್ತೇನೆ.

ಅವರು ತಂದೆಗೆ ಪತ್ರ ಬರೆದು ಗಿಟಾರ್ ಕಳುಹಿಸಲು ಕೇಳಿದರು. ತಂದೆ ಆ ಕೆಂಪು ಸಿಲ್ವರ್‌ಟೋನ್ ಕಳುಹಿಸಿದರು. ಜೊತೆಯ ಸೈನಿಕರು ಗೇಲಿ ಮಾಡುತ್ತಿದ್ದರು, ಗಿಟಾರನ್ನು ಬಚ್ಚಿಡುತ್ತಿದ್ದರು. ಆದರೆ ಬಿಲ್ಲಿ ಕಾಕ್ಸ್ ಎಂಬ ಸೈನಿಕರು ಹಾದು ಹೋಗುವಾಗ ಆ ಗಿಟಾರ್ ಕೇಳಿ ನಿಂತರು. ಇಬ್ಬರೂ ಜೀವನಪೂರ್ತಿ ಸ್ನೇಹಿತರಾದರು. 1962ರಲ್ಲಿ ಜಿಮಿ ಸೈನ್ಯದಿಂದ ಹೊರಬಂದರು.

ಅಲ್ಲಿಂದ ನಾಲ್ಕು ವರ್ಷ ಊರೂರು ಅಲೆದರು. ದುಡ್ಡು ಇಲ್ಲದಾಗ ಗಿಟಾರನ್ನೇ ಗಿರವಿ ಅಂಗಡಿಯಲ್ಲಿ ಇಡುತ್ತಿದ್ದರು. 1964ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಅಪೋಲೋ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದರು. ಆಮೇಲೆ ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಮುಂತಾದ ದೊಡ್ಡ ಗಾಯಕರ ಹಿಂದೆ ನಿಂತು ನುಡಿಸಿದರು. ಹಿಂದೆ ನಿಂತವರು ಹೆಚ್ಚು ಮಿಂಚಬಾರದು ಎಂಬುದು ಅಲ್ಲಿನ ನಿಯಮ. ಜಿಮಿಗೆ ಅದು ಆಗುತ್ತಿರಲಿಲ್ಲ.

ಲಂಡನ್ನಿನಲ್ಲಿ ಕೀರ್ತಿ

1966ರಲ್ಲಿ ಅವರು ನ್ಯೂಯಾರ್ಕಿನ ಕೆಫೆ ವಾ ಎಂಬ ಚಿಕ್ಕ ಜಾಗದಲ್ಲಿ ನುಡಿಸುತ್ತಿದ್ದರು. ಇಂಗ್ಲೆಂಡಿನ ಚಾಸ್ ಚಾಂಡ್ಲರ್ ಎಂಬ ಸಂಗೀತಗಾರರು ಅದನ್ನು ಕೇಳಿ ಬೆರಗಾದರು. ಸೆಪ್ಟೆಂಬರ್‌ನಲ್ಲಿ ಜಿಮಿಯನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಅಲ್ಲಿ ನೋಯಲ್ ರೆಡಿಂಗ್ ಮತ್ತು ಮಿಚ್ ಮಿಚೆಲ್ ಸೇರಿ ಮೂರು ಜನರ ತಂಡ ಆಯಿತು. ಹೊಸ ತಂಡ ನಡೆಸಲು ದುಡ್ಡು ಸಾಲದೆ ಚಾಂಡ್ಲರ್ ತಮ್ಮ ಸ್ವಂತ ಗಿಟಾರುಗಳನ್ನು ಮಾರಿದರು. ನೋಡಿ, ಮತ್ತೆ ಒಬ್ಬರು ಜಿಮಿಗಾಗಿ ತಮ್ಮ ವಾದ್ಯ ಬಿಟ್ಟುಕೊಟ್ಟರು!

1966ರ ಡಿಸೆಂಬರ್‌ನಲ್ಲಿ ಅವರ ಮೊದಲ ರೆಕಾರ್ಡ್ ಹೇ ಜೋ ಬಂತು. 1967ರಲ್ಲಿ ಮೊದಲ ದೊಡ್ಡ ಆಲ್ಬಂ ಬಂತು. ಆಗ ಅವರ ಕೈಯಲ್ಲಿದ್ದದ್ದು ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಎಂಬ ಗಿಟಾರ್. 1954ರಲ್ಲಿ ಅದನ್ನು ಹೊರತಂದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಈಗ ಅಗ್ಗದ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಎಷ್ಟೋ ಅದರದೇ ಆಕಾರದಲ್ಲಿ ಇರುತ್ತವೆ. ಮಾಮನದೂ ಹಾಗೇ ಇದೆ.

ಒಳ್ಳೆಯ ಗಿಟಾರ್ ಬಂದ ಮೇಲೂ ಜಿಮಿ ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದರು. ಆ ಗಿಟಾರಿನ ಒಂದು ಪಿಕಪ್ ಓರೆಯಾಗಿರುತ್ತದೆ. ತಿರುಗಿಸಿದಾಗ ಓರೆ ಬೇರೆ ಕಡೆಗೆ ಆಗುತ್ತದೆ. ಹಾಗಾಗಿ ದಪ್ಪ ತಂತಿಗಳ ಸದ್ದು ಹೆಚ್ಚು ಚುರುಕಾಗಿ, ಸಣ್ಣ ತಂತಿಗಳ ಸದ್ದು ಸ್ವಲ್ಪ ಮೃದುವಾಗಿ ಬರುತ್ತದೆ. ಬೇರೆಯವರು ಕೊರತೆ ಅಂದುಕೊಂಡದ್ದೇ ಅವರ ಸದ್ದಿನ ಒಂದು ಗುಟ್ಟಾಯಿತು.

ಇನ್ನೊಂದು ಗುಟ್ಟು ಇದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ತಂದರೆ ಕುಂಯ್ ಎಂದು ಕಿರುಚುತ್ತದೆ, ಆಗ ನಾವೆಲ್ಲ ಕಿವಿ ಮುಚ್ಚಿಕೊಳ್ಳುತ್ತೇವೆ ಅಲ್ಲವೇ? ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಸುತ್ತುವುದರಿಂದ ಹಾಗಾಗುತ್ತದೆ. ಗಿಟಾರಿನಲ್ಲೂ ಅದೇ ಆಗುತ್ತದೆ. ಜಿಮಿ ಆ ಕಿರುಚುವ ಸದ್ದನ್ನು ಪಳಗಿಸಿ ಸಂಗೀತ ಮಾಡಿದರು. ಅವರಿಗೆ ಸ್ವರಲಿಪಿ ಓದಲು ಬರೆಯಲು ಬರುತ್ತಿರಲಿಲ್ಲ.

ಬೆಂಕಿ ಹಚ್ಚಿದ್ದು

1967ರ ಜೂನ್ 18ರಂದು ಅಮೆರಿಕದ ಮಾಂಟೆರೆ ಎಂಬಲ್ಲಿ ದೊಡ್ಡ ಸಂಗೀತೋತ್ಸವ ನಡೆಯಿತು. ಅದೇ ದಿನ ಮಧ್ಯಾಹ್ನ ನಮ್ಮ ದೇಶದ ಪಂಡಿತ್ ರವಿಶಂಕರ್ ಅವರು ಅಲ್ಲಿ ಸಿತಾರ್ ನುಡಿಸಿದರು. ರಾತ್ರಿ ಜಿಮಿ ನುಡಿಸಿದರು. ಕೊನೆಗೆ ತಾವೇ ಬಣ್ಣ ಬಳಿದು ಚಿತ್ರ ಬರೆದಿದ್ದ ಗಿಟಾರಿಗೆ ವೇದಿಕೆಯಲ್ಲೇ ಬೆಂಕಿ ಹಚ್ಚಿದರು. ಅದರಿಂದ ಇಡೀ ಅಮೆರಿಕಕ್ಕೆ ಅವರ ಹೆಸರು ಗೊತ್ತಾಯಿತು. ಆದರೆ ರವಿಶಂಕರ್ ಅವರಿಗೆ ಬಹಳ ನೋವಾಯಿತು. ವಾದ್ಯವನ್ನು ದೇವರೆಂದು ತಿಳಿಯುವ ಸಂಪ್ರದಾಯ ಅವರದು.

ನನಗೂ ಇದು ಇಷ್ಟವಾಗಲಿಲ್ಲ. ನಾವು ಆಯುಧ ಪೂಜೆ ದಿನ ಮಾಮನ ಗಿಟಾರಿಗೆ ಕುಂಕುಮ ಇಡುತ್ತೇವೆ. ದೊಡ್ಡವರು ಮಾಡಿದ್ದೆಲ್ಲಾ ಸರಿ ಅಂತ ಒಪ್ಪಬೇಕಾಗಿಲ್ಲ. ಒಂದು ತಂತಿಯ ವಾದ್ಯಕ್ಕೆ ಆಸೆಪಟ್ಟ ಹುಡುಗನ ನೆನಪು ಅವರಿಗೆ ಆ ರಾತ್ರಿ ಬರಲಿಲ್ಲವೇನೋ.

1968ರ ಫೆಬ್ರವರಿ 12ರಂದು ಅವರು ಸಿಯಾಟಲ್‌ನಲ್ಲಿ ಕಾರ್ಯಕ್ರಮ ಕೊಟ್ಟರು. ಸೈನ್ಯದಿಂದ ಹೊರಬಂದ ಮೇಲೆ ಸ್ವಂತ ಊರಿನಲ್ಲಿ ಇದೇ ಮೊದಲ ಕಾರ್ಯಕ್ರಮ. ಮಾರನೇ ದಿನ ತಾವು ಅರ್ಧಕ್ಕೆ ಬಿಟ್ಟ ಗಾರ್‌ಫೀಲ್ಡ್ ಹೈಸ್ಕೂಲಿಗೂ ಹೋದರು. ಸಾವಿರಾರು ಜನರ ಮುಂದೆ ನುಡಿಸುವವರು ಶಾಲಾ ಮಕ್ಕಳ ಮುಂದೆ ನಾಚಿಕೊಂಡು ಸ್ವಲ್ಪವೇ ಮಾತನಾಡಿದರಂತೆ.

ವುಡ್‌ಸ್ಟಾಕ್ ಮತ್ತು ಅಂತ್ಯ

1969ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಹಸು ಸಾಕುವವರ ಜಮೀನಿನಲ್ಲಿ ವುಡ್‌ಸ್ಟಾಕ್ ಉತ್ಸವ ನಡೆಯಿತು. ಸುಮಾರು 4 ಲಕ್ಷ ಜನ ಸೇರಿದ್ದರು. ಮಳೆ ಬಂದು ಎಲ್ಲಾ ಕೆಸರು. ಜಿಮಿಯ ಸರದಿ ಎಲ್ಲರಿಗಿಂತ ಕೊನೆಗೆ, ಸೋಮವಾರ ಬೆಳಿಗ್ಗೆ ಬಂತು. ಅಷ್ಟು ಹೊತ್ತಿಗೆ ಬಹಳ ಜನ ಹೊರಟು ಹೋಗಿದ್ದರು. ಉಳಿದವರ ಮುಂದೆ ಅವರು ತಮ್ಮ ದೇಶದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದರು. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಗೀತೆಯ ನಡುವೆ ಬಾಂಬು ಬೀಳುವ ಹಾಗೆ, ಜನ ಕೂಗುವ ಹಾಗೆ ಗಿಟಾರಿನಲ್ಲೇ ಸದ್ದು ಬಂತು. ಕೆಲವರು ಹೊಗಳಿದರು, ಕೆಲವರು ಸಿಟ್ಟಾದರು. ಆ ದಿನದ ಬಿಳಿ ಗಿಟಾರ್ ಈಗ ಸಿಯಾಟಲ್ಲಿನ ಒಂದು ಮ್ಯೂಸಿಯಂನಲ್ಲಿದೆ.

1970ರ ಆಗಸ್ಟ್‌ನಲ್ಲಿ ಅವರು ನ್ಯೂಯಾರ್ಕಿನಲ್ಲಿ ಕಟ್ಟಿಸಿದ ಸ್ವಂತ ಸ್ಟುಡಿಯೋ ಆರಂಭವಾಯಿತು. ಆದರೆ ಅದರಲ್ಲಿ ಹೆಚ್ಚು ದಿನ ಕೆಲಸ ಮಾಡುವ ಭಾಗ್ಯ ಇರಲಿಲ್ಲ. ಕೀರ್ತಿಯ ಜೊತೆಗೆ ಕುಡಿತ, ಮಾದಕ ವಸ್ತು, ನಿದ್ದೆಗೆಟ್ಟ ಪ್ರಯಾಣ ಎಲ್ಲಾ ಸೇರಿಕೊಂಡಿತ್ತು. 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ನಿದ್ರೆ ಮಾತ್ರೆ ಅತಿಯಾಗಿ ತೆಗೆದುಕೊಂಡಿದ್ದರು, ನಿದ್ದೆಯಲ್ಲೇ ಉಸಿರುಗಟ್ಟಿತು. ಆಗ ಅವರಿಗೆ ಬರೀ 27 ವರ್ಷ. ನಾಲ್ಕೇ ವರ್ಷದ ಕೀರ್ತಿ. ಅಷ್ಟರಲ್ಲಿ ಜಗತ್ತಿನ ಗಿಟಾರ್ ನುಡಿಸುವ ರೀತಿಯನ್ನೇ ಬದಲಾಯಿಸಿದ್ದರು. ಮಗನಿಗಾಗಿ ಸ್ಯಾಕ್ಸೋಫೋನ್ ವಾಪಸ್ ಕೊಟ್ಟ ತಂದೆ ಅಲ್ 2002ರವರೆಗೆ ಬದುಕಿದ್ದರು.

ಈ ಚರಿತ್ರೆಯಿಂದ ನನಗೆ ತಿಳಿದದ್ದು

ಜಿಮಿ ಸರಿಯಾದ ಗಿಟಾರ್ ಸಿಗಲಿ ಎಂದು ಕಾಯುತ್ತಾ ಕೂರಲಿಲ್ಲ. ಪೊರಕೆ ಇದ್ದಾಗ ಪೊರಕೆ, ಒಂದು ತಂತಿ ಇದ್ದಾಗ ಒಂದು ತಂತಿ, ಬಲಗೈ ಗಿಟಾರ್ ಸಿಕ್ಕಾಗ ತಿರುಗಿಸಿ. ಕೈಗೆ ಬಂದದ್ದನ್ನು ತನ್ನ ಕೈಗೆ ಒಗ್ಗಿಸಿಕೊಂಡನು. ಆದರೆ ಪ್ರತಿ ಸಲವೂ ಅವನ ಪಕ್ಕದಲ್ಲಿ ಯಾರೋ ಒಬ್ಬರು ಇದ್ದರು. ಕಸದಲ್ಲಿ ಸಿಕ್ಕಿದ್ದನ್ನು ಕೊಟ್ಟ ಅಜ್ಜಿ, ಪತ್ರ ಬರೆದ ಮಹಿಳೆ, ಕಂತು ಕಟ್ಟಿದ ತಂದೆ, ತಮ್ಮ ಗಿಟಾರ್ ಮಾರಿದ ಚಾಂಡ್ಲರ್. ನಮ್ಮ ಜೊತೆಯಲ್ಲಿ ಇರುವವರಿಗೆ ನಾವೂ ಹಾಗೆ ಆಗಬಹುದು.

ಮಾಮನ ಗಿಟಾರಿನ ತಂತಿಯನ್ನು ನನಗೋಸ್ಕರ ಪ್ರತಿ ಸಲ ಬಿಚ್ಚಿ ಕಟ್ಟಲು ಆಗುವುದಿಲ್ಲ. ಅದಕ್ಕೆ ಮುಂದಿನ ವರ್ಷದ ಹಬ್ಬದ ಕಾರ್ಯಕ್ರಮ ಮುಗಿದ ಮೇಲೆ ಒಂದು ಹಳೆಯ ಗಿಟಾರ್ ಹುಡುಕೋಣ ಅಂತ ಹೇಳಿದ್ದಾರೆ. ಬಲಗೈಯದೇ ಸಿಗುವುದು. ಪರವಾಗಿಲ್ಲ.

ನಮ್ಮ ಶಾಲೆಯಲ್ಲಿ ಎಡಗೈಯಲ್ಲಿ ಬರೆಯುವವರು ನನ್ನನ್ನು ಸೇರಿಸಿ ನಾಲ್ಕು ಜನ ಇದ್ದೇವೆ. ನಾನು ಎಣಿಸಿ ನೋಡಿದ್ದೇನೆ. ನಮ್ಮದೊಂದು ವಿನಂತಿ ಇದೆ. ನಮ್ಮನ್ನು ಬೆಂಚಿನ ಎಡ ತುದಿಗೆ ಕೂರಿಸಿ, ಆಗ ಮೊಣಕೈ ಪಕ್ಕದವರಿಗೆ ತಾಗುವುದಿಲ್ಲ. ಮತ್ತೆ ನಮ್ಮನ್ನು ಹೆಸರು ಹಿಡಿದು ಕರೆಯಿರಿ.

ಕೊನೆಗೆ ಒಂದು ಸಂಗತಿ. ಸಿಯಾಟಲ್ ಹತ್ತಿರದ ರೆಂಟನ್ ಊರಿನಲ್ಲಿ ಜಿಮಿ ಹೆಂಡ್ರಿಕ್ಸ್ ಅವರ ಸಮಾಧಿ ಇದೆ. ಸಮಾಧಿ ಕಲ್ಲಿನ ಮೇಲೆ ಒಂದು ಗಿಟಾರ್ ಕೆತ್ತಿದ್ದಾರೆ. ಅದನ್ನು ಬಲಗೈಯವರು ಹಿಡಿಯುವ ಹಾಗೆ ಕೆತ್ತಿದ್ದಾರೆ! ಇರಲಿ ಬಿಡಿ. ಜಿಮಿ ಅದನ್ನೂ ತಿರುಗಿಸಿ ಹಿಡಿಯುತ್ತಿದ್ದರು.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ

(ಎಡಗೈಯಲ್ಲಿ ಬರೆದದ್ದು. ಅಲ್ಲಲ್ಲಿ ಇಂಕು ಒರೆಸಿಕೊಂಡಿದ್ದರೆ ಹೊಂದಿಸಿಕೊಂಡು ಓದಿ.)